ಹಳೆಯ ಅಪ್ರೆಂಟಿಸರ ಸಂಘ ನಡೆಸಬೇಕೆ? ಮೊದಲು ಒಂದು ರಿಜಿಸ್ಟರ್ ತನ್ನಿ

ನೌಕಾಪಡೆಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತು ನಿವೃತ್ತರಾದ ಉತ್ತರ ಕನ್ನಡದವರ ಸಂಘ ನಮ್ಮದು. ಅದರ ಸದಸ್ಯರ ಫೋನ್ ನಂಬರುಗಳೆಲ್ಲ ಒಬ್ಬರೇ ಒಬ್ಬರ ಮೊಬೈಲಿನಲ್ಲಿದ್ದವು. ಹನ್ನೆರಡು ವರ್ಷ ಕಾರ್ಯದರ್ಶಿಯಾಗಿ ಹಗಲು ರಾತ್ರಿ ಓಡಾಡಿದ ಹಿರಿಯರು ಅವರು. ಒಂದು ಮಳೆಗಾಲದ ರಾತ್ರಿ ಎದೆನೋವು ಬಂದು ತೀರಿಕೊಂಡರು. ಮೊಬೈಲಿನ ಲಾಕ್ ಮನೆಯವರಿಗೆ ಗೊತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಸಿಮ್ಮೂ ಬಂದ್ ಆಯಿತು. ಅಲ್ಲಿಂದ ಐದು ವರ್ಷ ಸಂಘ ಹೆಸರಿಗೆ ಮಾತ್ರ ಇತ್ತು.

ಅದರಿಂದ ಏನು ಹಾಳಾಯಿತೆಂದು ನನಗೆ ಗೊತ್ತಾದದ್ದು ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ. ನನ್ನ ಬ್ಯಾಚಿನವನ ಮಗ ಸಿಕ್ಕಿ, "ಅಂಕಲ್, ಅಪ್ಪ ಹೋಗಿ ಎಂಟು ತಿಂಗಳಾಯ್ತು" ಎಂದ. ಟ್ರೇನಿಂಗಿನ ನಾಲ್ಕು ವರ್ಷ ನನ್ನ ಪಕ್ಕದ ಮಂಚದಲ್ಲಿ ಮಲಗಿದವನು ಅವನು. ಅವನ ಮಣ್ಣಿಗೂ ನಾನು ಹೋಗಿರಲಿಲ್ಲ. ಅದೇ ದಿನ ಮನೆಗೆ ಹೋದೆ. ವೈನಿ (ಅವನ ಹೆಂಡತಿ) ಪಾಸ್ ಬುಕ್ ತಂದು ಮುಂದಿಟ್ಟು, "ಅವ್ರದ್ದು ಅವ್ರ ಸಂಗಡವೇ ಮುಗೀತಲ್ಲ ಭಾವಾ" ಎಂದರು. ಕುಟುಂಬ ಪಿಂಚಣಿ ಎಂಬುದು ತನ್ನ ಹಕ್ಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಾಕಿ ಹಣ ಆಮೇಲೆ ಬಂತು, ನಿಜ. ಆದರೆ ಎಂಟು ತಿಂಗಳು ಆ ಮನೆಯ ಅಕ್ಕಿ, ಔಷಧಿ ಎಲ್ಲ ಮಗನ ಪೆಟ್ರೋಲ್ ಬಂಕಿನ ಸಂಬಳದಲ್ಲೇ ನಡೆದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು, ಈ ಸಂಘವನ್ನು ಮತ್ತೆ ಎಬ್ಬಿಸಲೇಬೇಕು ಅಂದುಕೊಂಡೆ.

ನಾನು 1979ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನೌಕಾಪಡೆಗೆ ಆರ್ಟಿಫಿಸರ್ ಅಪ್ರೆಂಟಿಸ್, ಅಂದರೆ ತಾಂತ್ರಿಕ ಕೆಲಸ ಕಲಿಯುವ ಹುಡುಗನಾಗಿ ಸೇರಿದವನು. ಆಗ ಕೊಂಕಣ ರೈಲು ಇರಲಿಲ್ಲ. ಹುಬ್ಬಳ್ಳಿಗೆ ಬಸ್ಸು, ಮಿರಜಿನಲ್ಲಿ ಗಾಡಿ ಬದಲಿಸಿ ಪುಣೆ, ಅಲ್ಲಿಂದ ಲೋಣಾವಳ. ಅಲ್ಲಿನ ನೌಕಾಪಡೆಯ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ಕೆಲಸ ಕಲಿತೆ. ಕರೆಂಟಿನ ಕೆಲಸಕ್ಕೆ ಆಯ್ಕೆಯಾದವರು ಜಾಮನಗರದ ಐಎನ್‌ಎಸ್ ವಲ್ಸುರಾಕ್ಕೆ ಹೋದರು. ಈಗ ಕಾರವಾರದ ಕೋಡಿಬಾಗದಲ್ಲಿದ್ದೇನೆ. ಭೂಸೇನೆಯ ಯಂತ್ರ ದುರಸ್ತಿ ವಿಭಾಗವಾದ ಇಎಂಇ, ವಾಯುಪಡೆಯ ಟೆಕ್ನಿಕಲ್ ಟ್ರೇಡುಗಳಲ್ಲಿ ದುಡಿದವರಿಗೂ ನಾನು ಹೇಳುವುದು ಹೊಂದುತ್ತದೆ. ಚಿಕ್ಕ ವಯಸ್ಸಿನಲ್ಲಿ ಮನೆ ಬಿಟ್ಟು, ಅರ ಹಿಡಿದು ಕೈ ಬೊಬ್ಬೆ ಎಬ್ಬಿಸಿಕೊಂಡವರೆಲ್ಲ ಒಂದೇ.

ರಿಜಿಸ್ಟರ್

ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ರಟ್ಟಿನ ಹೊದಿಕೆಯ, ಗೆರೆ ಎಳೆದ ದಪ್ಪ ಪುಸ್ತಕ ಸಾಕು. ಕಂಪ್ಯೂಟರಿನಲ್ಲೂ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಪುಸ್ತಕಕ್ಕೆ ಪಾಸ್‌ವರ್ಡ್ ಇಲ್ಲ. ನಾಳೆ ನಾನು ಹೋದರೂ ನನ್ನ ಹೆಂಡತಿ ಅದನ್ನು ಕಪಾಟಿನಿಂದ ತೆಗೆದು ಇನ್ನೊಬ್ಬರ ಕೈಗೆ ಕೊಡಬಲ್ಲಳು.

ನಾವೆಲ್ಲ ಬ್ಯಾಚಿನ ಲೆಕ್ಕದಲ್ಲೇ ಯೋಚಿಸುವವರು. ಯಾವ ವರ್ಷ ಸೇರಿದೆ, ಯಾವ ಟ್ರೇಡು, ಯಾವ ಡಿವಿಜನ್ ಎಂದೇ ಮಾತು ಶುರು. ಹಾಗಾಗಿ ಮೊದಲ ಸಲ ಪಟ್ಟಿಯನ್ನೂ ಬ್ಯಾಚಿನ ಪ್ರಕಾರ ಬರೆದೆ. ಅದು ತಪ್ಪು ಎಂದು ಆಮೇಲೆ ತಿಳಿಯಿತು. ನನ್ನ ಬ್ಯಾಚಿನವನೊಬ್ಬ ಭಟ್ಕಳದಲ್ಲಿ, ಇನ್ನೊಬ್ಬ ಯಲ್ಲಾಪುರದ ಕಾಡಿನ ಅಂಚಿನಲ್ಲಿ. ಅವರಿಗೆ ಏನಾದರೂ ಆದರೆ ನಾನು ತಲುಪುವಷ್ಟರಲ್ಲಿ ಸಂಜೆ. ಈಗ ಪುಸ್ತಕವನ್ನು ತಾಲೂಕುವಾರು ಭಾಗ ಮಾಡಿದ್ದೇನೆ. ಬ್ಯಾಚು ಒಂದು ಕಾಲಮ್ಮಿನಲ್ಲಿ ಬರುತ್ತದೆ, ಅಷ್ಟೆ.

ಉಳಿದ ಕಾಲಮ್ಮುಗಳು: ಸರ್ವಿಸ್ ನಂಬರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಪಿಂಚಣಿ ಬರುವ ಬ್ಯಾಂಕ್ ಶಾಖೆ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡು ಇದೆಯೋ ಇಲ್ಲವೋ. ನೌಕಾಪಡೆಯ ಸರ್ವಿಸ್ ನಂಬರಿನ ಕೊನೆಗೆ ಒಂದು ಅಕ್ಷರ ಇರುತ್ತದೆ, ಅದನ್ನು ಬಿಡಬೇಡಿ. ಅಂಕಿ ಸರಿಯಿದ್ದು ಅಕ್ಷರ ತಪ್ಪಿದರೂ ಅರ್ಜಿ ವಾಪಸು ಬಂದದ್ದುಂಟು. ಆಮೇಲೆ ಹೆಂಡತಿಯ ಹೆಸರು. ಕರೆಯುವ ಹೆಸರಲ್ಲ, ಪಿಪಿಒದಲ್ಲಿ ಇರುವ ಹೆಸರು. ನಮ್ಮ ಕಡೆ ಮದುವೆಯಾದ ಮೇಲೆ ಹೆಸರು ಬದಲಿಸುವ ರೂಢಿ ಹಲವು ಮನೆಗಳಲ್ಲಿತ್ತು. ಆಧಾರಿನಲ್ಲಿ ಒಂದು, ಪಿಪಿಒದಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಗಂಡ ಬದುಕಿರುವಾಗಲೇ ಇದನ್ನು ಸರಿಪಡಿಸಿದರೆ ಎರಡು ಅರ್ಜಿಯಲ್ಲಿ ಮುಗಿಯುತ್ತದೆ.

ಅದರ ಪಕ್ಕದಲ್ಲಿ ಹೆಂಡತಿಯ ಹುಟ್ಟಿದ ದಿನಾಂಕ ಬರೆಯಿರಿ. ಇದಕ್ಕೆ ನಾನು ಇಷ್ಟು ಜೋರು ಕೊಡುವುದಕ್ಕೆ ಕಾರಣ ಇದೆ. ಪಿಂಚಣಿದಾರರಿಗೆ 80 ವರ್ಷ ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇಕಡಾ 20 ಹೆಚ್ಚುವರಿ ಸಿಗುತ್ತದೆ. ಕುಟುಂಬ ಪಿಂಚಣಿಗೂ ಅದು ಉಂಟು. ಆದರೆ ಹಳೆಯ ದಾಖಲೆಗಳಲ್ಲಿ ಹೆಂಡತಿಯ ಹುಟ್ಟಿದ ದಿನಾಂಕವೇ ಇರದಿದ್ದರೆ, 80 ತುಂಬಿದ್ದು ಯಾವ ಕಚೇರಿಗೂ ಗೊತ್ತಾಗುವುದಿಲ್ಲ. ಕುಮಟಾ ತಾಲೂಕಿನ ಒಬ್ಬ ಅಜ್ಜಿಗೆ 83 ಆದರೂ ಹಳೆಯ ಮೊತ್ತವೇ ಬರುತ್ತಿತ್ತು. ಅವರ ಶಾಲೆಯ ದಾಖಲೆ ಹುಡುಕಿ, ಅರ್ಜಿ ಬರೆದುಕೊಟ್ಟವರು ನಮ್ಮ ಸಂಘದವರೇ. ಇಂಥ ಒಂದು ಕೆಲಸ ಆದರೆ ಆ ಊರಿನಲ್ಲಿ ಸಂಘದ ಬಗ್ಗೆ ಭಾಷಣ ಮಾಡುವ ಅಗತ್ಯ ಇರುವುದಿಲ್ಲ.

ಕೊನೆಯ ಎರಡು ಕಾಲಮ್ಮು: ಹೆಂಡತಿಯ ಫೋನ್, ಮಕ್ಕಳಲ್ಲಿ ಒಬ್ಬರ ಫೋನ್.

ಕಳೆದುಹೋದವರನ್ನು ಹುಡುಕುವುದು

ಹಳೆಯ ಪಟ್ಟಿಯ ಒಂದು ಜೆರಾಕ್ಸ್ ನಮಗೆ ಹೇಗೋ ಸಿಕ್ಕಿತು. ಅದರಲ್ಲಿ ಕೆಲವರ ವಿಳಾಸ "ಅರ್ಗಾ, ಕಾರವಾರ ತಾಲೂಕು" ಎಂದಿತ್ತು. ಕಾರವಾರದಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಡಲ ಬದಿಯ ಊರುಗಳು ಎದ್ದವು, ಆ ಜಾಗದಲ್ಲಿ 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ನೌಕಾಪಡೆಯಲ್ಲಿ ದುಡಿದವರೇ ನೌಕಾನೆಲೆಗೆ ಮನೆ ಬಿಟ್ಟುಕೊಟ್ಟು ಹೊರಟ ಕುಟುಂಬಗಳಲ್ಲಿ ಇದ್ದರು. ಅವರ ಮನಸ್ಸಿನಲ್ಲಿ ಹೆಮ್ಮೆಯೂ ಇದೆ, ನೋವೂ ಇದೆ. ಅವರ ಹತ್ತಿರ ಹೋದಾಗ ಮೊದಲು ಆ ಮಾತು ಕೇಳಿಸಿಕೊಳ್ಳಿ, ಫಾರ್ಮು ಆಮೇಲೆ. ತೋಡೂರು, ಮುದಗಾ ಕಡೆಯ ಪುನರ್ವಸತಿ ಕಾಲೊನಿಗಳಲ್ಲಿ ಹಳೆಯ ಊರಿನ ಹೆಸರು ಮತ್ತು ಮನೆತನದ ಹೆಸರು ಹೇಳಿ ಕೇಳಿದರೆ ಅರ್ಧ ಗಂಟೆಯಲ್ಲಿ ಮನೆ ಸಿಗುತ್ತದೆ. ನಾನು ಹೀಗೆ ಹುಡುಕಿದವರು ನಾಲ್ವರು.

ಮಿಕ್ಕಂತೆ ಜನ ಸಿಗುವ ಜಾಗಗಳು ನಿಮಗೆ ಗೊತ್ತಿರುವವೇ: ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನ ಬೆಂಚು, ಕ್ಯಾಂಟೀನಿನ ಸಾಲು, ತಿಂಗಳ ಮೊದಲ ವಾರದ ಬ್ಯಾಂಕು. ಹಳ್ಳಿಗಳಲ್ಲಿ ಪೋಸ್ಟ್‌ಮ್ಯಾನ್ ಅವರನ್ನು ಕೇಳಿ. ಯಾರ ಮನೆಗೆ ಪಿಂಚಣಿ ಕಚೇರಿಯ ಲಕೋಟೆ ಬರುತ್ತದೆಂದು ಅವರಿಗೆ ತಿಳಿದಿರುತ್ತದೆ. ವಿಳಾಸ ಕೇಳಬೇಡಿ, ನಿಮ್ಮ ನಂಬರ್ ಬರೆದ ಚೀಟಿ ಕೊಟ್ಟು "ತಲುಪಿಸಿ" ಎನ್ನಿ. ಅದೇ ಮರ್ಯಾದೆ.

ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ವರ್ಷಕ್ಕೊಮ್ಮೆ ಸಭೆ ಮಾಡಿ ಶಾಲು ಹೊದೆಸುವ ಸಂಘಗಳು ಬೇಕಾದಷ್ಟಿವೆ. ಸಂಘ ಜೀವಂತ ಇರುವುದು ಫೋನ್ ಕರೆಯಲ್ಲಿ. ನಮ್ಮಲ್ಲಿ ತಾಲೂಕಿಗೊಬ್ಬ ಜವಾಬ್ದಾರಿ ಹೊತ್ತವ ಇದ್ದಾನೆ. ಅವನ ಕೈಕೆಳಗೆ ನಾಲ್ಕೈದು ಜನ. ಒಬ್ಬೊಬ್ಬರಿಗೆ ಎಂಟು ಮನೆ, ಅದಕ್ಕಿಂತ ಹೆಚ್ಚು ಕೊಡಬೇಡಿ. ಹತ್ತು ಹದಿನೈದು ಕೊಟ್ಟ ಕಡೆ ಮೂರನೇ ತಿಂಗಳಿಗೆ ಕರೆ ನಿಂತಿದೆ. ಎಂಟಾದರೆ ಚಹಾ ಕುಡಿಯುತ್ತಾ ಒಂದು ತಾಸಿನಲ್ಲಿ ಮುಗಿಯುತ್ತದೆ.

ಕರೆ ಮಾಡಿದಾಗ ಸಂಘದ ವಿಷಯ ಎತ್ತಬೇಡಿ. "ಆರಾಮಾ? ಮೊಣಕಾಲು ಹೆಂಗದೆ?" ಇಷ್ಟು ಸಾಕು. ಮನೆಯವರು ಫೋನ್ ಎತ್ತಿದರೆ ಅವರ ಹತ್ತಿರವೂ ಎರಡು ಮಾತು. ಎರಡು ತಿಂಗಳು ಸತತ ಫೋನ್ ಎತ್ತದಿದ್ದರೆ ಯಾರಾದರೂ ಮನೆಗೆ ಹೋಗಿ ಬರಬೇಕು, ಇದು ನಮ್ಮ ಕಡ್ಡಾಯ ನಿಯಮ. ಜೋಯಿಡಾ, ಸಿದ್ದಾಪುರದ ಒಳಭಾಗಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಲ್ಲಿಯವರಿಗೆ ಪೋಸ್ಟ್ ಕಾರ್ಡು. 50 ಪೈಸೆಯ ಆ ಕಾರ್ಡು ತಲುಪಿದ ಮೇಲೆ ಸಿದ್ದಾಪುರದ ಹೆಗಡೆಯವರೊಬ್ಬರು ಗುಡ್ಡ ಹತ್ತಿ ಹೋಗಿ, ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು ಫೋನ್ ಮಾಡಿದ್ದರು. ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ ಎಂದರು.

ಈ ಕರೆಯ ಸರಪಳಿಗೆ ನಿಜವಾದ ಪರೀಕ್ಷೆ ಬಂದದ್ದು 2024ರ ಮಳೆಗಾಲದಲ್ಲಿ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ನಮ್ಮ ಮನೆಯ ಹತ್ತಿರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಲಾರಿಯೊಂದು ನದಿಗೆ ಬಿದ್ದು, ಚಾಲಕ ಬದುಕಿ ಬಂದ. ಆ ಎರಡೂ ದಿನ ನಾನು ಪುಸ್ತಕ ತೆಗೆದು ಕೂತೆ. ಅಂಕೋಲಾದವನಿಗೆ ಒಂದು ಕರೆ, ಸದಾಶಿವಗಡದವನಿಗೆ ಒಂದು. ಅವರಿಂದ ಎಂಟೆಂಟು ಮನೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮನೆಯ ಸುದ್ದಿಯೂ ನನ್ನ ಮುಂದೆ ಇತ್ತು. ಡಯಾಲಿಸಿಸ್‌ಗೆ ಹೋಗಬೇಕಿದ್ದ ಒಬ್ಬರಿಗೆ ಸುತ್ತು ದಾರಿಯ ಗಾಡಿ ಹೊಂದಿಸಿದ್ದೂ ಆ ಕರೆಯಿಂದಲೇ. ಹಿಂದಿನ ಎಂಟು ತಿಂಗಳ ಭಾನುವಾರಗಳು ಇರದಿದ್ದರೆ ಅವತ್ತು ಅದು ಆಗುತ್ತಿರಲಿಲ್ಲ.

ವಾಟ್ಸಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಗ್ರೂಪ್ ಮಾಡಿ. ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯಬೇಕು: ಸಭೆ, ಸಾವು, ಪಿಂಚಣಿ ಸುದ್ದಿ. ಇನ್ನೊಂದರಲ್ಲಿ ಗುಡ್ ಮಾರ್ನಿಂಗ್, ಹಳೆಯ ಫೋಟೋ ಏನು ಬೇಕಾದರೂ ಹಾಕಲಿ. ರಾಜಕೀಯ ಎರಡರಲ್ಲೂ ಬೇಡ. ಪಿಂಚಣಿ ಹೆಚ್ಚಳದ ಸುಳ್ಳು ಸುದ್ದಿಗಳು ಬರುತ್ತಲೇ ಇರುತ್ತವೆ. ಆದೇಶದ ಪ್ರತಿ ಕಣ್ಣಾರೆ ನೋಡದೆ ಅಡ್ಮಿನ್ ಏನನ್ನೂ ಹಾಕಬಾರದು.

ವರ್ಷದ ಸಭೆ

ದಿನ ಆರಿಸುವುದರಲ್ಲೇ ಅರ್ಧ ಗೆಲುವು. ಮಳೆಗಾಲ ಬೇಡ. ಡಿಸೆಂಬರ್ 4ರ ನೌಕಾಪಡೆ ದಿನಾಚರಣೆ ನಮಗೆ ದೊಡ್ಡದು, ಆದರೆ ಆಗ ಶಿರಸಿ-ಸಿದ್ದಾಪುರದವರಿಗೆ ಅಡಿಕೆ ಕೊಯ್ಲು, ಗೊನೆ ಕೊಯ್ಯುವ ಕೊನೆಗಾರ ಸಿಕ್ಕ ದಿನ ತೋಟ ಬಿಟ್ಟು ಬರಲಾಗದು. ಜನವರಿ 14 ಮಾಜಿ ಸೈನಿಕರ ದಿನ. ನಮ್ಮ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಅದೇ ದಿನ ನಿವೃತ್ತರಾದರು. ಆದರೆ ಅದು ಸಂಕ್ರಾಂತಿ, ಮನೆಯಲ್ಲಿ ಹಬ್ಬ. ಏಪ್ರಿಲ್-ಮೇ ಬಂದರೆ ಮದುವೆ, ಮುಂಜಿ. ಕೊನೆಗೆ ಫೆಬ್ರವರಿ 15ರ ಹತ್ತಿರದ ಭಾನುವಾರ ಗೊತ್ತುಮಾಡಿದೆವು. 1945ರ ಫೆಬ್ರವರಿ 15 ಶಿವಾಜಿ ಶುರುವಾದ ದಿನ. ವಲ್ಸುರಾದವರು "ನಮ್ಮದೇನು ಕಡಿಮೆ, ನಮ್ಮದು 1942ರದ್ದು" ಎಂದರು. ಸರಿಯೇ. ಡಿಸೆಂಬರ್ 15ಕ್ಕೆ ಅವರಿಗೆಲ್ಲ ವಿಶೇಷ ಕರೆ ಹೋಗುತ್ತದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಆ ವರ್ಷ ದಿನಾಂಕ ಮೊದಲೇ ನೋಡಿಕೊಳ್ಳಿ.

ಜಾಗ ಕುಮಟಾ. ಕಾರವಾರದಲ್ಲಿ ಇಟ್ಟರೆ ಶಿರಸಿಯವರು ಬರುವುದಿಲ್ಲ, ಶಿರಸಿಯಲ್ಲಿ ಇಟ್ಟರೆ ಕರಾವಳಿಯ ಮುದುಕರಿಗೆ ದೇವಿಮನೆ ಘಾಟಿಯ ತಿರುವು ಆಗುವುದಿಲ್ಲ. ಕುಮಟಾ ಎಲ್ಲರಿಗೂ ನಡು. ಸಭೆಯ ಹಾಲ್ ನೆಲಮಾಳಿಗೆಯಲ್ಲಿ ಅಥವಾ ಮಹಡಿಯಲ್ಲಿ ಬೇಡ, ಮೆಟ್ಟಿಲಿಲ್ಲದ್ದು ನೋಡಿ. ಶೌಚಾಲಯ ನೀವೇ ಹೋಗಿ ನೋಡಿ ಬನ್ನಿ. ಹೆಂಗಸರು ಒಮ್ಮೆ ಬಂದು ಮುಂದಿನ ವರ್ಷ ಬಾರದಿದ್ದರೆ ಕಾರಣ ಅದೇ ಇರುತ್ತದೆ. ಊಟಕ್ಕೆ ಎರಡು ಒಲೆ: ಒಂದು ಕಡೆ ಮೀನು, ಇನ್ನೊಂದು ಕಡೆ ಅಪ್ಪೆಹುಳಿ, ತಂಬುಳಿ. ಪಾತ್ರೆ, ಸೌಟು, ಬಡಿಸುವವರು ಎಲ್ಲ ಬೇರೆ ಬೇರೆ. ಇದರಲ್ಲಿ ಸಸಾರ ಮಾಡಬೇಡಿ.

ಭಾಷಣಕ್ಕೆ ಒಟ್ಟು ಅರ್ಧ ಗಂಟೆ. ಉಳಿದ ಹೊತ್ತು ಏನು ಮಾಡುವುದು ಎಂದು ಹೊಸ ಸಂಘದವರು ಕೇಳುತ್ತಾರೆ. ನಾವು ಒಂದು ಮೇಜು ಹಾಕುತ್ತೇವೆ. ಲೋಣಾವಳದ ವರ್ಕ್‌ಶಾಪಿನಲ್ಲಿ ಮೊದಲ ತಿಂಗಳುಗಳಲ್ಲಿ ಎಲ್ಲರೂ ಮಾಡಿದ ಟೆಸ್ಟ್ ಜಾಬ್ ಅದರ ಮೇಲೆ ಬರುತ್ತದೆ. ನನ್ನದು ಅಂಗೈಯಗಲದ ಉಕ್ಕಿನ ತುಂಡು, ನಡುವೆ ಚೌಕದ ತೂತು, ಆ ತೂತಿಗೆ ಕೂರುವ ಇನ್ನೊಂದು ಚೌಕ. ಉಳಿಯಲ್ಲಿ ಕೆತ್ತಿ, ಅರದಲ್ಲಿ ಉಜ್ಜಿ ಮಾಡಿದ್ದು. ಮಶಿನ್ ಮುಟ್ಟುವ ಹಾಗಿರಲಿಲ್ಲ. ನಾಲ್ಕು ದಿಕ್ಕಿನಲ್ಲಿ ಹೇಗೆ ತಿರುಗಿಸಿ ಹಾಕಿದರೂ ಕೂರಬೇಕು, ಬೆಳಕಿಗೆ ಹಿಡಿದರೆ ಗೆರೆಯಷ್ಟೂ ಬೆಳಕು ಕಾಣಬಾರದು. ಮೂಲೆಯಲ್ಲಿ ನನ್ನ ನಂಬರ್ ಪಂಚ್ ಹೊಡೆದಿದೆ, ಒಂದು ಅಂಕಿ ಸ್ವಲ್ಪ ವಾಲಿದೆ. ತೆಂಗಿನೆಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರಿಂದ ನಮ್ಮ ಕಡಲ ಗಾಳಿಯಲ್ಲೂ ತುಕ್ಕು ಹಿಡಿದಿಲ್ಲ. ಮೇಜಿನ ಸುತ್ತ ಜನ ನಿಂತು ಒಬ್ಬರದನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡುತ್ತಾರೆ. ವರ್ಷಗಟ್ಟಲೆ ಮಾತಾಡದವರು ಅಲ್ಲಿ ಮಾತಾಡುತ್ತಾರೆ. ಕಳೆದ ಸಲ ಬ್ಯಾಚಿನವನ ಹೆಂಡತಿ, ಮೊದಲು ಹೇಳಿದ ಆ ವೈನಿಯೇ, ಗಂಡನ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅಷ್ಟು ವರ್ಷ ಅದು ಮನೆಯಲ್ಲಿ ಬಾಗಿಲಿಗೆ ಅಡ್ಡ ಇಡುವ ತುಂಡಾಗಿತ್ತಂತೆ. ಅದು ಏನು, ಎಷ್ಟು ದಿನದ ಕೆಲಸ ಎಂದು ನಾವು ಹೇಳಿದೆವು. ಅವರು ಚೌಕವನ್ನು ತೆಗೆದು ತೆಗೆದು ಕೂರಿಸಿ ನೋಡುತ್ತಿದ್ದರು.

ಕೈಗೆ ಕೆಲಸ

ನಮ್ಮ ಜನ ಸುಮ್ಮನೆ ಕೂತು ಹರಟುವವರಲ್ಲ. ಕೆಲಸ ಕೊಟ್ಟರೆ ಬರುತ್ತಾರೆ. ಕಾರವಾರದ ನೌಕಾ ಹಡಗು ದುರಸ್ತಿ ಯಾರ್ಡಿನಲ್ಲಿ ಐಟಿಐ ಮುಗಿಸಿದವರನ್ನು ಟ್ರೇಡ್ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ. ಇದು ನಮ್ಮ ಕಾಲದ ಭರ್ತಿಯಂತಲ್ಲ, ಅಪ್ರೆಂಟಿಸ್ ಕಾಯ್ದೆಯ ಕೆಳಗಿನ ತರಬೇತಿ. ಆದರೂ ಊರಿನ ಹುಡುಗ ಹುಡುಗಿಯರಿಗೆ ದೊಡ್ಡ ಬಾಗಿಲು. ಹಲವು ಮಕ್ಕಳಿಗೆ ಪ್ರಕಟಣೆ ಬಂದದ್ದೇ ತಿಳಿಯುವುದಿಲ್ಲ. ತಿಳಿದರೂ ಅರ್ಜಿಯಲ್ಲಿ ತಪ್ಪು. ನಾವು ಶನಿವಾರ ಮಧ್ಯಾಹ್ನ ಒಬ್ಬ ಸದಸ್ಯರ ಶೆಡ್ಡಿನಲ್ಲಿ ಎರಡು ವೈಸ್, ಒಂದಷ್ಟು ಅರ, ವರ್ನಿಯರ್, ಮೈಕ್ರೋಮೀಟರ್ ಇಟ್ಟುಕೊಂಡು ಕೂರುತ್ತೇವೆ. ಮೈಕ್ರೋಮೀಟರ್ ಓದಲು ಬಾರದೆ ಸರ್ಟಿಫಿಕೇಟ್ ಹಿಡಿದು ಬರುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೂರು ಶನಿವಾರದಲ್ಲಿ ಕಲಿಯುತ್ತಾರೆ, ಹೇಳಿಕೊಡುವವರು ಇರಲಿಲ್ಲ ಅಷ್ಟೆ. 78 ವರ್ಷದ ನಮ್ಮ ಶಿಪ್‌ರೈಟ್ (ಹಡಗು ಕಟ್ಟುವ ಕೆಲಸದವರು) ಒಬ್ಬರು ವಾರ್ಷಿಕ ಸಭೆಗೆ ಬಾರದಿದ್ದರೂ ಶನಿವಾರ ತಪ್ಪಿಸುವುದಿಲ್ಲ.

ಹೊಸ ಮಕ್ಕಳನ್ನು ಕರೆದುಕೊಂಡು ಒಮ್ಮೆ ಟಾಗೋರ್ ಕಡಲತೀರದಲ್ಲಿರುವ ರಾಮ ರಾಘೋಬಾ ರಾಣೆಯವರ ಪ್ರತಿಮೆಗೆ ಹೋಗಿ ಬನ್ನಿ. ನಮ್ಮ ಕಾರವಾರ ತಾಲೂಕಿನ ಚೆಂಡಿಯಾದವರು, ಭೂಸೇನೆಯ ಎಂಜಿನಿಯರಿಂಗ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನಲ್ಲಿದ್ದರು. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಗೆ ಟ್ಯಾಂಕುಗಳು ಹೋಗಲು ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದು, ದಾರಿ ಕಡಿದುಕೊಟ್ಟರು. ಪರಮವೀರ ಚಕ್ರ ಅದಕ್ಕೇ ಬಂತು. ಕೈಕೆಲಸ ಬಲ್ಲವನೂ ಯುದ್ಧ ಗೆಲ್ಲಿಸುತ್ತಾನೆ ಎಂದು ಮಕ್ಕಳಿಗೆ ಅಲ್ಲಿ ಹೇಳಿದರೆ ನಾಟುತ್ತದೆ.

ಕಾಗದ ಪತ್ರ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಣಿ ಸುಲಭ, ಮರೆಯುವುದು ಆಮೇಲಿನದು. ಪ್ರತಿ ವರ್ಷ ವಾರ್ಷಿಕ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ನಾವು ಮಲಗಿದ್ದ ಐದು ವರ್ಷದ್ದು ಬಾಕಿಯಾಗಿ, ದಂಡ ಕಟ್ಟಿ ಸರಿಪಡಿಸಿದೆವು. ಬ್ಯಾಂಕ್ ಖಾತೆಗೆ ಮೂವರ ಹೆಸರು, ಯಾರಾದರೂ ಇಬ್ಬರ ಸಹಿ. ಚಂದಾ ಕಡಿಮೆ ಇಡಿ, ವಿಧವೆಯರಿಂದ ತೆಗೆದುಕೊಳ್ಳಬೇಡಿ.

ನವೆಂಬರ್ ಬಂದರೆ ಜೀವಿತ ಪ್ರಮಾಣಪತ್ರ. ಈಗ ಪಿಂಚಣಿ ರಕ್ಷಣಾ ಇಲಾಖೆಯ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ. ಮುಖ ತೋರಿಸಿ ಮೊಬೈಲಿನಲ್ಲೇ ಪ್ರಮಾಣಪತ್ರ ಕೊಡಬಹುದು. ಅರ ಹಿಡಿದು ಬೆರಳ ಗೆರೆ ಸವೆದ ನಮ್ಮವರಿಗೆ ಬೆರಳಚ್ಚು ಯಂತ್ರ ಹಲವು ಸಲ ಒಪ್ಪುವುದಿಲ್ಲ, ಅವರಿಗೆ ಮುಖದ್ದೇ ಒಳ್ಳೆಯದು. ಹಾಸಿಗೆ ಹಿಡಿದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಮಾಡಿಕೊಡುತ್ತಾರೆ. ನವೆಂಬರಿನ ಮೊದಲ ಭಾನುವಾರದ ಕರೆಯಲ್ಲಿ ಮಾತ್ರ ಈ ಒಂದು ಕೆಲಸದ ಮಾತು ಎತ್ತಲು ಪರವಾನಗಿ ಇದೆ.

ಕಾರ್ಯಕಾರಿ ಸಮಿತಿಯಲ್ಲಿ ಇಬ್ಬರು ವಿಧವೆಯರಿರಲಿ, ಮತ ಹಾಕುವ ಅಧಿಕಾರದೊಂದಿಗೆ. ಗಂಡ ಹೋದ ಮನೆಗೆ ಹದಿಮೂರನೇ ದಿನದ ಮೇಲೆ ಮೊದಲು ಹೋಗುವವರು ನಮ್ಮಲ್ಲಿ ಅವರೇ. ಮರಣ ಪ್ರಮಾಣಪತ್ರದ ಐದಾರು ಪ್ರತಿ ತೆಗೆಸಿ, ಪಿಪಿಒ, ಆಧಾರ್, ಬ್ಯಾಂಕ್ ಪುಸ್ತಕ ಒಂದು ಚೀಲದಲ್ಲಿ ಹಾಕಿಸಿ, ಮಾರನೇ ವಾರ ನಮ್ಮನ್ನು ಕರೆಸುತ್ತಾರೆ. ಗಂಡಸರು ಹೋಗಿ ದಾಖಲೆ ಕೇಳಿದರೆ ಹೇಳಲಾಗದ ಮಾತು ಅವರ ಹತ್ತಿರ ಬರುತ್ತದೆ. ಆ ವೈನಿ ಈಗ ಸಮಿತಿಯಲ್ಲಿದ್ದಾರೆ. ಅಂಕೋಲಾ ತಾಲೂಕಿನ ಎಂಟು ಮನೆ ಅವರದ್ದು.

ರಿಜಿಸ್ಟರಿನ ಮೂರು ಪ್ರತಿ ಇವೆ. ಒಂದು ನನ್ನ ಮನೆಯಲ್ಲಿ, ಒಂದು ಕುಮಟಾದ ಖಜಾಂಚಿಯ ಹತ್ತಿರ. ಮೂರನೆಯದು ಘಾಟಿಯ ಮೇಲೆ, ಶಿರಸಿಯಲ್ಲಿ, ಉಪ್ಪುಗಾಳಿ ಮತ್ತು ನೆರೆ ಎರಡೂ ಮುಟ್ಟದ ಜಾಗದಲ್ಲಿ. ಆರು ತಿಂಗಳಿಗೊಮ್ಮೆ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಸಾಲು ಸಾಲಾಗಿ ತಾಳೆ ನೋಡುತ್ತೇವೆ. ಒಬ್ಬ ಗಟ್ಟಿಯಾಗಿ ಓದಬೇಕು, ಇಬ್ಬರು ಬೆರಳಿಟ್ಟು ನೋಡಬೇಕು. ಪೆನ್ಸಿಲಿನಲ್ಲಿ ಬರೆಯಬೇಡಿ.